ಬಳೆ ತೊಟ್ಟ ಕಲ್ಲು

ನಮ್ಮ ಕಡೆಯ ಮಾಸ್ತಿಕಲ್ಲುಗಳನ್ನು ನೀವೂ ನೋಡಿರುತ್ತೀರಿ. ಕೆರೆ ಏರಿಯ ಮೇಲೋ, ಊರ ಹೊರಗಿನ ಬೇವಿನ ಮರದ ಬುಡದಲ್ಲೋ, ಕೆಲವು ಕಡೆ ಬಸ್ ನಿಲ್ದಾಣದ ಹಿಂದಿನ ಕಸದ ಗುಡ್ಡೆಯ ಪಕ್ಕದಲ್ಲೋ ನಿಂತಿರುತ್ತವೆ. ಒಂದು ಚಪ್ಪಡಿ, ಅದರ ಮೇಲೆ ಕೆತ್ತಿದ ಒಂದು ಕಂಬ. ಆ ಕಂಬದಿಂದ ಮರದ ಕೊಂಬೆ ಚಿಗುರಿದ ಹಾಗೆ ಒಂದು ಕೈ ಹೊರಟಿರುತ್ತದೆ. ಮೊಣಕೈ ಹತ್ತಿರ ಮಡಿಚಿ, ಅಂಗೈ ಬಿಚ್ಚಿ, ಬೆರಳು ಮೇಲೆತ್ತಿದ ಕೈ. ಹೆಬ್ಬೆರಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಮಣಿಕಟ್ಟಿನಲ್ಲಿ ಸಾಲಾಗಿ ಬಳೆಗಳು. ಅಷ್ಟೇ. ಪೂರ್ತಿ ಹೆಂಗಸನ್ನು ಕೆತ್ತಿದ ಮಾಸ್ತಿಕಲ್ಲುಗಳೂ ಇವೆ. ಆದರೆ ನಾವು ಎಷ್ಟು ಸಲ ಆ ದಾರಿಯಲ್ಲಿ ಹೋದರೂ ಗಾಡಿ ನಿಲ್ಲಿಸುವುದು ಬರೀ ಕೈ ಇರುವ ಕಲ್ಲಿನ ಮುಂದೆ.

ಅದನ್ನು ನೋಡಿದಾಗಲೆಲ್ಲ ಡಿಪ್ಲೊಮಾದ ಪುಟವಿನ್ಯಾಸದ ಪಾಠ ನೆನಪಾಗುತ್ತದೆ. ರೇಖೆ, ಆಕಾರ, ವರ್ಣ, ಮೈವಳಿಕೆ, ಅವಕಾಶ, ಸಮತೋಲನ, ಲಯ ಅಂತ ಬೋರ್ಡಿನ ಮೇಲೆ ಬರೆಸಿ, ಪರೀಕ್ಷೆಗೆ ಬರುತ್ತದೆ ಅಂದಿದ್ದರು. ಬಂದಿತ್ತು, ಬರೆದೆವು, ಪಾಸಾದೆವು. ಅವಕಾಶ ಅಂದರೆ ಪುಟದಲ್ಲಿ ಖಾಲಿ ಬಿಡುವ ಜಾಗ, ಅದೂ ಮಾತಾಡುತ್ತದೆ ಅಂತ ಉತ್ತರದಲ್ಲಿ ಬರೆದಿದ್ದು ಚೆನ್ನಾಗಿ ನೆನಪಿದೆ. ಆಮೇಲೆ ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿದ ಮೇಲೆ ಗೊತ್ತಾಯಿತು, ಪುಟದಲ್ಲಿ ಖಾಲಿ ಜಾಗ ಉಳಿದರೆ ಡೆಸ್ಕಿನವರು ಅಲ್ಲಿಗೆ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ತುಂಬುತ್ತಾರೆ.

ಮಾಸ್ತಿಕಲ್ಲು ಕೆತ್ತಿದ ಆಚಾರಿಗೆ ಆ ಪಾಠ ಯಾರೂ ಬರೆಸಿರಲಿಲ್ಲ. ಅವನು ಹೆಂಗಸನ್ನು ಕೆತ್ತಲಿಲ್ಲ. ಅವಳ ಒಂದು ಕೈ ಕೆತ್ತಿ ಉಳಿದದ್ದನ್ನು ಬಿಟ್ಟುಬಿಟ್ಟ. ಬಿಟ್ಟ ಜಾಗದಲ್ಲಿ ನಾವು ಅವಳನ್ನು ತುಂಬಿಕೊಳ್ಳುತ್ತೇವೆ.

ಚೆಂದ ಅನ್ನುವ ಮಾತು ಇಲ್ಲಿ ನಾಲಿಗೆ ಮೇಲೆ ಸಲೀಸಾಗಿ ಬರುವುದಿಲ್ಲ, ಬರಲೂಬಾರದು. ಗಂಡ ಸತ್ತಾಗ ಜೊತೆಗೆ ಸುಟ್ಟು ಹೋದ, ಬಹುಶಃ ಸುಡಲ್ಪಟ್ಟ ಹೆಣ್ಣಿನ ಕಲ್ಲು ಅದು. ಗಂಡ ಸತ್ತರೆ ಬಳೆ ಒಡೆಯುವ ಪದ್ಧತಿಯ ನಾಡಿನಲ್ಲಿ, ಇವಳು ಮುತ್ತೈದೆಯಾಗಿಯೇ ಹೋದಳು ಅಂತ ಹೇಳುವುದಕ್ಕೆ ಕಲ್ಲಿನಲ್ಲಿ ಬಳೆಗಳನ್ನು ಒಡೆಯದೆ ಉಳಿಸಿದ್ದಾರೆ. ಬಳೆ ಉಳಿಯಿತು, ತೊಟ್ಟವಳು ಉಳಿಯಲಿಲ್ಲ. ಊರ ಹೆಂಗಸರು ಈ ಕಥೆಯೆಲ್ಲ ಬೇಕಿಲ್ಲದೆ ಅವಳನ್ನು ಮಾಸ್ತಮ್ಮ ಅಂತ ಕರೆದು ಅರಿಸಿನ ಕುಂಕುಮ ಹಚ್ಚುತ್ತಾರೆ. ಒಂದೂರಿನಲ್ಲಿ ಕಲ್ಲಿನ ಮುಂದೆ ಯಾರೋ ಒಂದು ಡಜನ್ ಹಸಿರು ಗಾಜಿನ ಬಳೆ ಇಟ್ಟು ಹೋಗಿದ್ದರು. ಕಲ್ಲಿನ ಬಳೆಯ ಮುಂದೆ ಗಾಜಿನ ಬಳೆ. ಫೋಟೊ ತೆಗೆದೆವು. ಡೆಸ್ಕಿಗೆ ಕಳಿಸಲಿಲ್ಲ, ಸುದ್ದಿ ಏನು ಅಂತ ಕೇಳಿದರೆ ಹೇಳುವುದಕ್ಕೆ ಏನೂ ಇರಲಿಲ್ಲ.

ವೀರಗಲ್ಲುಗಳದ್ದು ಬೇರೆ ಲೆಕ್ಕ. ಅಲ್ಲಿ ಖಾಲಿ ಜಾಗ ಕಮ್ಮಿ, ನಮ್ಮ ಪತ್ರಿಕೆಯ ಪುಟದ ಹಾಗೆ ಕಿಕ್ಕಿರಿದಿರುತ್ತದೆ. ಸಾಮಾನ್ಯವಾಗಿ ಮೂರು ಅಂಕಣ. ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಕೆಳಗಡೆ ಜಗಳ: ವೀರ ಬಿಲ್ಲು ಹಿಡಿದೋ ಕತ್ತಿ ಎತ್ತಿಯೋ ನಿಂತಿರುತ್ತಾನೆ. ತುರುಗೋಳಿನ ಕಲ್ಲಾದರೆ ಹಸುಗಳ ಹಿಂಡು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರ, ಅವು ಇರುವ ತನಕ ಈ ಹೆಸರು ಇರಲಿ ಅಂತ.

ಆ ಹಸುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅಷ್ಟು ದನ ಕೆತ್ತಲು ಕಲ್ಲಿನಲ್ಲಿ ಜಾಗವಿಲ್ಲ. ಆಚಾರಿ ಏನು ಮಾಡುತ್ತಾನೆಂದರೆ, ಮುಂದಿನ ಒಂದೋ ಎರಡೋ ಹಸುವನ್ನು ಪೂರ್ತಿ ಕೆತ್ತಿ, ಹಿಂದಿನವಕ್ಕೆ ಬರೀ ಮುಖ, ಅದರ ಹಿಂದಿನವಕ್ಕೆ ಬರೀ ಕೊಂಬು ಬಿಡಿಸುತ್ತಾನೆ. ಕೊಂಬಿನ ಗೆರೆ ಒಂದರ ಹಿಂದೆ ಒಂದು, ಗಾಳಿಗೆ ಬಾಗಿದ ಜೋಳದ ಸಾಲಿನ ಹಾಗೆ. ಲಯ ಅಂದರೆ ಏನು ಅಂತ ಬೋರ್ಡಿನ ಮೇಲೆ ಬರೆಸಿದ್ದಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ. ಬೆರಳಿನಷ್ಟು ಆಳದ ಕೆತ್ತನೆಯಲ್ಲಿ ಇಡೀ ರೊಪ್ಪದ ದನ ನಿಂತಿರುತ್ತವೆ. ವೀರನನ್ನು ಮಾತ್ರ ಎಲ್ಲರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ. ನಿಜವಾಗಿ ಅವನು ಅಷ್ಟು ಎತ್ತರವಿದ್ದ ಅಂತಲ್ಲ, ಅವನ ಸುದ್ದಿ ಅಷ್ಟು ದೊಡ್ಡದು ಅಂತ. ನಮ್ಮವರು ತಲೆಬರಹದ ಅಕ್ಷರ ದಪ್ಪ ಮಾಡುವುದೂ ಇದಕ್ಕೇ.

ಮ್ಯಾಸಬೇಡರು, ಕಾಡುಗೊಲ್ಲರು ಇರುವ ಈ ಸೀಮೆಯಲ್ಲಿ ದನ ಅಂದರೆ ಬರೀ ಆಸ್ತಿ ಅಲ್ಲ. ಮ್ಯಾಸಬೇಡರ ಹಟ್ಟಿಗಳಲ್ಲಿ ಇವತ್ತಿಗೂ ದೇವರ ಎತ್ತುಗಳಿವೆ, ಅವನ್ನು ಕಾಯುವ ಕಿಲಾರಿಗಳಿದ್ದಾರೆ, ಅವುಗಳಿಗೆ ನೊಗ ಕಟ್ಟುವುದಿಲ್ಲ. ಹಾಗಾಗಿ ದನಕ್ಕಾಗಿ ಸತ್ತವನ ಕಲ್ಲು ಇಲ್ಲಿನವರಿಗೆ ಇತಿಹಾಸದ ಪಾಠವಾಗಿ ಅಲ್ಲ, ಪಕ್ಕದ ಮನೆಯ ಸಂಗತಿಯಾಗಿ ಅರ್ಥವಾಗುತ್ತದೆ. ಆದರೂ ಕಲ್ಲುಗಳ ಗತಿ ಅಷ್ಟಕ್ಕಷ್ಟೇ. ಕೆಲವು ಮೋರಿಗೆ ಚಪ್ಪಡಿಯಾಗಿವೆ. ಕೆಲವಕ್ಕೆ ಹುಡುಗರು ಪ್ರೀತಿಯಿಂದಲೇ ಎನಾಮಲ್ ಪೇಂಟ್ ಬಳಿದು, ವೀರನಿಗೆ ಕಪ್ಪು ಮೀಸೆ, ಕೆಂಪು ಪಂಚೆ ಕೊಟ್ಟಿದ್ದಾರೆ. ಪೇಂಟ್ ತುಂಬಿದ ಕಡೆ ಉಳಿಯ ಗೆರೆ ಮುಚ್ಚಿ ಹೋಗಿದೆ. ಪುರಾತತ್ವದವರಿಗೆ ಇದು ನೋವು. ನಮಗೆ ಬೈಯಲು ಮನಸ್ಸು ಬರುವುದಿಲ್ಲ. ಮೋರಿಯ ಕೆಳಗೆ ಮುಖ ಮುಚ್ಚಿ ಮಲಗುವುದಕ್ಕಿಂತ ಮೀಸೆ ಬರೆಸಿಕೊಂಡು ನಿಲ್ಲುವುದು ಮೇಲು.

ಇಷ್ಟೆಲ್ಲ ಕಲ್ಲುಗಳಲ್ಲಿ ಕೆತ್ತಿದವನ ಹೆಸರು ಸಿಗುವುದು ಅಪರೂಪ. ಹೆಸರಿಟ್ಟ ಒಬ್ಬನನ್ನು ನೋಡಬೇಕೆಂದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರದ ಮೂರು ಕಡೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಇದನ್ನು ಬರೆದವನು ಚಪಡ ಅಂತ ಲಿಪಿಕಾರನ ಹೆಸರಿದೆ. ಲಿಪಿಕಾರ ಅನ್ನುವ ಆ ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಈ ಕಡೆಯ ಲಿಪಿಯಲ್ಲ, ವಾಯವ್ಯದ ಗಾಂಧಾರದ ಕಡೆಯದು. ಇಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಿದ್ದಾರು? ಆದರೂ ಬರೆದ. ರಾಜನ ಮಾತೆಲ್ಲ ರಾಜನ ಲಿಪಿಯಲ್ಲಿ ಮುಗಿಸಿ, ತನ್ನ ಕಸುಬಿನ ಹೆಸರನ್ನು ತನ್ನ ಕೈಗೆ ಒಗ್ಗಿದ ಗೆರೆಯಲ್ಲಿ ಹಾಕಿದ. ಬೈಲೈನ್ ಸಿಗದ ಸುದ್ದಿಗಾರರಿಗೆ ಈ ಚಪಡನ ಮೇಲೆ ಒಂದು ತೂಕ ಹೆಚ್ಚು ಪ್ರೀತಿ.

ಬ್ರಹ್ಮಗಿರಿಯ ಬಂಡೆಯನ್ನು ಸ್ಥಳೀಯರು ಅಕ್ಷರಗುಂಡು ಅನ್ನುತ್ತಿದ್ದರು. ಅಲ್ಲಿ ಬರೆದದ್ದು ಏನು ಅಂತ ಗೊತ್ತಿಲ್ಲದೆಯೂ ಅದು ಅಕ್ಷರ ಅಂತ ಗೊತ್ತಿತ್ತು. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹಾಕುತ್ತಿದ್ದರು, ಅದಕ್ಕೆ ಆ ಹೆಸರು. ಅಲ್ಲಿನ ಶಾಸನ ಬಹಳ ಸವೆದು ಹೋಗಿದೆ.

ಜೀವಿಗಳನ್ನು ಕೊಲ್ಲಬೇಡಿ, ತಾಯಿ ತಂದೆಯ ಮಾತು ಕೇಳಿ, ಸತ್ಯ ನುಡಿಯಿರಿ ಅಂತ ಚಕ್ರವರ್ತಿ ಹೇಳಿಸಿದ ಮಾತಿನ ಮೇಲೆ ಗುಡ್ಡ ಹತ್ತಿ ಬಂದ ಹೆಂಗಸರು ಕೂತು ಬಳೆ ಇಡಿಸಿಕೊಂಡರು. ಇದನ್ನು ನೆನೆದರೆ ನಮಗೆ ಸಿಟ್ಟು ಬರುವುದಿಲ್ಲ, ಒಂಥರಾ ಸಮಾಧಾನ ಆಗುತ್ತದೆ. ಬಳೆ ಇಡಿಸುವುದನ್ನು ನೋಡಿದವರಿಗೆ ಗೊತ್ತು. ಬಳೆಗಾರ ಮೊದಲು ಕೈ ಹಿಡಿದು ಹೆಬ್ಬೆರಳ ಬುಡ ಅಮುಕಿ ಅಳತೆ ಅಂದಾಜು ಮಾಡುತ್ತಾನೆ. ಟೇಪು ಇಲ್ಲ, ನಂಬರ್ ಕೇಳುವುದಿಲ್ಲ. ಬಣ್ಣ ಆರಿಸುವಾಗ ಸೀರೆಯ ಅಂಚು ನೋಡುತ್ತಾನೆ, ಮೈ ಬಣ್ಣ ನೋಡುತ್ತಾನೆ, ಹಸಿರು ಗಾಜಿನ ಡಜನ್‌ಗೆ ನಡುನಡುವೆ ಒಂದೆರಡು ಚುಕ್ಕಿ ಬಳೆ ಸೇರಿಸುತ್ತಾನೆ. ಅದೂ ವಿನ್ಯಾಸವೇ. ಮಾಸ್ತಿಕಲ್ಲಿನ ಆಚಾರಿ ಸಾಲು ಬಳೆಯ ತುದಿಗೆ ಒಂದು ದಪ್ಪನೆಯ ಕಡಗ ಕೆತ್ತಿ ನಿಲ್ಲಿಸುತ್ತಾನಲ್ಲ, ಕಣ್ಣಿಗೆ ಒಂದು ನಿಲುಗಡೆ ಬೇಕು ಅಂತ, ಆ ಲೆಕ್ಕವೇ ಇದು.

ಬ್ರಹ್ಮಗಿರಿಯಲ್ಲಿ ಇನ್ನೂ ಹಳೆಯದು ಮಣ್ಣೊಳಗೆ ಸಿಕ್ಕಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳು ತೆರೆದವು. ಅದಕ್ಕೂ ಮೊದಲು ಎಂ. ಎಚ್. ಕೃಷ್ಣ ಅಲ್ಲಿ ಅಗೆದಿದ್ದರು. ಚಪ್ಪಡಿ ನಿಲ್ಲಿಸಿ ಮಾಡಿದ ಕಲ್ಲಿನ ಕೋಣೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಎಲುಬು, ಕಬ್ಬಿಣದ ಸಾಮಾನು, ಒಳಮೈ ಕಪ್ಪಾಗಿ ಹೊರಮೈ ಕೆಂಪಾಗಿರುವ ಮಡಕೆಗಳು. ಆ ಎರಡು ಬಣ್ಣಕ್ಕೆ ಬಣ್ಣ ಬಳಿದಿಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ಸಿಕ್ಕ ಹೊರಮೈ ಕೆಂಪಾಗುತ್ತದೆ, ಗಾಳಿ ಸಿಗದ ಒಳಮೈ ಕಪ್ಪಾಗುತ್ತದೆ. ಸತ್ತವರ ಜೊತೆ ಮಣ್ಣು ಮಾಡಲು ದಿನಬಳಕೆಯ ಒಡಕು ಮಡಕೆ ಸಾಕಿತ್ತು. ಸಾಕು ಅನ್ನಿಸಲಿಲ್ಲ ಅವರಿಗೆ.

ಇಷ್ಟು ಹೇಳಿದ್ದು ಒಂದು ಸೀರೆಯ ಬಗ್ಗೆ ಹೇಳುವುದಕ್ಕೆ. ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಮೊಳಕಾಲ್ಮೂರು ಸೀರೆ ಇತ್ತು.

ಮೊಳಕಾಲ್ಮೂರು ಸೀರೆ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಕೈಮಗ್ಗದ ರೇಷ್ಮೆ, ಜರಿಯ ಅಗಲ ಅಂಚು. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೂವು, ಹಣ್ಣು, ಪ್ರಾಣಿ ಪಕ್ಷಿಗಳ ಚಿತ್ತಾರ ಇದರ ಗುರುತು. ಒಡಲು ಒಂದು ಬಣ್ಣ, ಅಂಚು ಅದಕ್ಕೆ ಎದುರಾದ ಬಣ್ಣ. ಹಳದಿ ಒಡಲಿಗೆ ಕಡುಗೆಂಪು ಅಂಚು, ಗಿಳಿಹಸಿರಿಗೆ ನೇರಳೆ. ಎರಡು ಬಣ್ಣ ಒಂದರೊಳಗೊಂದು ಸೋರದೆ ನಿಲ್ಲಬೇಕಾದರೆ ಮೂರು ಲಾಳಿ ಬೇಕು: ಎಡ ಅಂಚಿಗೆ ಒಂದು, ಒಡಲಿಗೆ ಒಂದು, ಬಲ ಅಂಚಿಗೆ ಒಂದು. ಅಂಚಿನ ಎಳೆಯೂ ಒಡಲಿನ ಎಳೆಯೂ ಸೇರುವ ಗಡಿಯಲ್ಲಿ ಪ್ರತಿ ಸಾಲಿಗೂ ಒಂದನ್ನೊಂದು ಕೊಂಡಿ ಹಾಕಿಕೊಳ್ಳುತ್ತವೆ. ಆ ಗಡಿಯಲ್ಲಿ ದೇವಸ್ಥಾನದ ಗೋಪುರದ ಹಾಗೆ ಸಾಲು ಹಲ್ಲುಗಳು ಮೇಲೇಳುತ್ತವೆ. ಒಬ್ಬ ನೇಕಾರರು ನಮಗೆ ಕಣ್ಣು ಮುಚ್ಚಿಸಿ, ಆ ಗಡಿಯ ಮೇಲೆ ಬೆರಳು ಆಡಿಸಲು ಹೇಳಿದ್ದರು. ಸಣ್ಣದೊಂದು ಏರು ಬೆರಳಿಗೆ ಸಿಗುತ್ತದೆ. ‘ಪವರ್‌ಲೂಮಿನ್ದು ಕಣ್ಣಿಗೆ ಸಿಗಾಕಿಲ್ಲ, ಬೆರಳಿಗೆ ಸಿಗ್ತತೆ’ ಅಂದರು. ಮೈವಳಿಕೆ ಅನ್ನುವ ಪಾಠ ಅವತ್ತು ಅರ್ಥವಾಯಿತು.

ಚಿತ್ತಾರ ಬರುವುದು ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡಿನಿಂದ. ರಟ್ಟಿನ ಪಟ್ಟಿಗಳು, ಪಟ್ಟಿಯ ತುಂಬ ತೂತುಗಳು. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಇಲ್ಲ. ಒಂದು ಸಾಲಿಗೆ ಒಂದು ಪಟ್ಟಿ. ಒಂದು ನವಿಲಿಗೆ ಎಷ್ಟು ಸಾಲೋ ಅಷ್ಟು ಪಟ್ಟಿ. ಚಿತ್ರವನ್ನು ಚೌಕಳಿ ಹಾಳೆಯ ಮೇಲೆ ಬರೆದು, ಮನೆ ಎಣಿಸಿ, ತೂತು ಹೊಡೆದು, ದಾರದಲ್ಲಿ ಪೋಣಿಸಿ ತೂಗು ಹಾಕುತ್ತಾರೆ. ನವಿಲಿನ ಕುತ್ತಿಗೆ ಬಳುಕಬೇಕು, ಆದರೆ ಎಳೆಗಳು ಇರುವುದು ಅಡ್ಡ ಮತ್ತು ಉದ್ದ ಮಾತ್ರ. ಬಳುಕಿದ ಗೆರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದು, ದೂರದಿಂದ ಕಣ್ಣಿಗೆ ಬಳುಕು ಅನ್ನಿಸುವ ಹಾಗೆ ಮಾಡಬೇಕು. ಮೊಬೈಲಿನ ಫೋಟೊ ದೊಡ್ಡದು ಮಾಡಿದರೆ ಕಾಣುವ ಚೌಕ ಚುಕ್ಕಿಗಳ ಲೆಕ್ಕವನ್ನು ಈ ಮಂದಿ ಎಷ್ಟೋ ಕಾಲದಿಂದ ಬಲ್ಲರು.

ಅವರಿಗೆ ಸಿಗುವುದು ಸೀರೆಗಿಷ್ಟು ಅಂತ ಕೂಲಿ. ನಮಗೆ ಸುದ್ದಿಗಿಷ್ಟು ಅಂತ ಕೊಡುವ ಹಾಗೆ. ವಿನ್ಯಾಸಕ್ಕೆ ಬೇರೆ ಲೆಕ್ಕ ಇಲ್ಲ. ಮಕ್ಕಳು ಬಳ್ಳಾರಿಯ ಜೀನ್ಸ್ ಹೊಲಿಗೆಗೆ, ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಹೋದವರನ್ನು ಪರಂಪರೆ ಬಿಟ್ಟರು ಅಂತ ಬರೆಯುವ ಲೇಖನಗಳನ್ನು ನಾವು ಓದಿದ್ದೇವೆ. ಬರೆದವರು ಒಂದು ದಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೋಡಲಿ.

ಸರಿ, ಟ್ರಂಕಿನ ಸೀರೆ. ಅಜ್ಜಿ ಅದನ್ನು ಉಟ್ಟಿದ್ದು ಬೆರಳೆಣಿಕೆಯ ಸಲ. ಅವ್ವ ಮದುವೆಯಾಗಿ ಬಂದ ಮೇಲೆ ಅವ್ವನದಾಯಿತು, ಅವ್ವ ಉಟ್ಟಿದ್ದು ಇನ್ನೂ ಕಮ್ಮಿ. ಅರಿಶಿನದ ಒಡಲು, ಕುಂಕುಮದ ಅಂಚು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮಡಿಕೆ ಬದಲಿಸಿ, ಮತ್ತೆ ಟ್ರಂಕಿಗೆ. ಮಡಿಕೆ ಬದಲಿಸುವುದು ಒಂದೆರಡು ವರ್ಷ ತಪ್ಪಿದ್ದಕ್ಕೋ ಏನೋ, ಮಡಿಕೆಯ ಗೆರೆಯುದ್ದಕ್ಕೂ ರೇಷ್ಮೆ ಸೀಳಿತ್ತು. ಜರಿ ಮಾತ್ರ ಹಾಗೇ ಇತ್ತು.

ಹಳೆಯ ಜರಿ ಸೀರೆ ಕೊಳ್ಳುವವರು ನಮ್ಮ ಊರುಗಳಿಗೆ ಬರುವುದು ಹೊಸತಲ್ಲ. ಬೀದಿಯಲ್ಲಿ ಕೂಗಿಕೊಂಡು ಬರುತ್ತಾರೆ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ ತಂತಿ, ಅದರ ಮೇಲೆ ಚಿನ್ನದ ಲೇಪ. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಆ ವರ್ಷ ನಮ್ಮ ಹೊಲದಲ್ಲಿ ಎರಡನೇ ಬೋರ್‌ವೆಲ್ಲೂ ನೀರು ಕೊಡಲಿಲ್ಲ. ಚಳ್ಳಕೆರೆ ಸೀಮೆಯಲ್ಲಿ ಇದು ಹೇಳಿಕೊಳ್ಳುವಂಥ ಸುದ್ದಿಯೂ ಅಲ್ಲ, ಪ್ರತಿ ಊರಲ್ಲೂ ಇಂಥ ಹತ್ತು ಮನೆ ಸಿಗುತ್ತವೆ. ಸಾಲ ಇತ್ತು. ಕೂಗಿದವನನ್ನು ಅವ್ವನೇ ಕರೆದಳು.

ಅವನು ಜಗಲಿಯ ಮೇಲೆ ಕೂತು ಅಂಚನ್ನು ಉಗುರಿನಿಂದ ಉಜ್ಜಿ ಒಳಗಿನ ಕೆಂಪು ರೇಷ್ಮೆ ನೋಡಿದ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸಿದ. ಚೀಲದಿಂದ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದ. ಅವನು ಒಡಲಿನ ಬಣ್ಣ ನೋಡಲಿಲ್ಲ, ಗೋಪುರದ ಹಲ್ಲು ಎಣಿಸಲಿಲ್ಲ, ಸೆರಗಿನಲ್ಲಿ ಸಾಲಾಗಿ ಹೊರಟ ಹಂಸಗಳನ್ನು ನೋಡಲಿಲ್ಲ. ನೋಡಿ ಅವನಿಗೆ ಆಗಬೇಕಾದ್ದೂ ಏನಿಲ್ಲ. ಹಂಸಕ್ಕೆ ತೂಕವಿಲ್ಲ. ಅವನು ಮೋಸಗಾರನೂ ಅಲ್ಲ, ಹೇಳಿದ ಬೆಲೆ ನ್ಯಾಯವಾಗಿಯೇ ಇತ್ತು ಅಂತ ಆಮೇಲೆ ವಿಚಾರಿಸಿ ತಿಳಿದುಕೊಂಡೆವು. ಅವ್ವ ‘ನಾಳೆ ಬಾರಪ್ಪ’ ಅಂದು ಕಳಿಸಿದಳು.

ರಾತ್ರಿ ಊಟವಾದ ಮೇಲೆ ಕಂಬಳಿ ಹಾಸಿ ಅದರ ಮೇಲೆ ಸೀರೆ ಬಿಚ್ಚಿದಳು. ನಾವು ಮೂರೂ ಮಕ್ಕಳು ಸುತ್ತ ನಿಂತಿದ್ದೆವು. ಮಾರುವುದು ಬೇಡ ಅಂತ ಒಬ್ಬರೂ ಹೇಳಲಿಲ್ಲ, ಮಾರೋಣ ಅಂತಲೂ ಹೇಳಲಿಲ್ಲ. ಅವಳು ಸುಮಾರು ಹೊತ್ತು ಸೀರೆಯ ಮೇಲೆ ಕೈ ಆಡಿಸುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಳು. ಆಮೇಲೆ ಕತ್ತರಿ ಕೇಳಿದಳು.

ಅವಳು ಕತ್ತರಿಸಿದ್ದು ಸೆರಗಿನ ಒಂದು ಮೂಲೆ. ಒಂದು ಗೇಣು ಉದ್ದ, ಒಂದು ಗೇಣು ಅಗಲ. ಆ ಮೂಲೆಯಲ್ಲಿ ಅಂಚು ಇದೆ, ಅಂಚಿನ ಗೋಪುರ ಇದೆ, ಸೆರಗಿನ ಎರಡು ಹಂಸ ಇವೆ, ಸೆರಗು ಮುಗಿದು ಒಡಲು ಶುರುವಾಗುವ ಕಡೆಯ ನಾಲ್ಕು ಬೆರಳು ಹಳದಿಯೂ ಇದೆ. ‘ಇಲ್ಲೇ ಎಲ್ಲಾ ಐತೆ’ ಅಂದಳು. ಉಳಿದದ್ದನ್ನು ಮಡಿಚಿ ಇಟ್ಟಳು. ಬೆಳಿಗ್ಗೆ ತೂಕಕ್ಕೆ ಹೋಯಿತು.

ಇಡೀ ಸೀರೆ ಉಳಿಸಬೇಕಿತ್ತು ಅನ್ನುವವರಿದ್ದಾರೆ. ಹತ್ತಿರದ ನೆಂಟರೇ ಅಂದಿದ್ದಾರೆ. ನಮ್ಮ ಲೆಕ್ಕದಲ್ಲಿ, ಯಾವ ಗೇಣು ಕತ್ತರಿಸಬೇಕು ಅಂತ ಆ ರಾತ್ರಿ ಅವಳಿಗೆ ಹೊಳೆದದ್ದು ಮಾಸ್ತಿಕಲ್ಲಿನ ಆಚಾರಿಗೆ ಹೊಳೆದದ್ದೇ. ಪೂರ್ತಿಯನ್ನು ಇಡಲು ಆಗದಾಗ ಯಾವ ಭಾಗ ಪೂರ್ತಿಯ ಮಾತಾಡುತ್ತದೆ ಅಂತ ಕಣ್ಣಿಗೆ ಗೊತ್ತಿರಬೇಕು. ಅವ್ವ ಓದಿದ್ದು ನಾಲ್ಕನೇ ಕ್ಲಾಸು.

ಕೆಳಗೆ ಹಾಸಿದ್ದ ಕಂಬಳಿಯ ಬೆಲೆ ಕೇಳಲು ಯಾರೂ ಬರುವುದಿಲ್ಲ. ಅದು ತಾತನದು. ಚಳ್ಳಕೆರೆಯನ್ನು ಜನ ಎಣ್ಣೆ ಮಿಲ್ಲುಗಳ ಊರು ಅಂತ ನೆನೆಯುತ್ತಾರೆ. ನಮ್ಮ ಹಿರಿಯರಿಗೆ ಅದು ಕಂಬಳಿಯ ಊರೂ ಹೌದು. ಕುರಿಯ ಮೈಯಲ್ಲಿ ಇದ್ದ ಬಣ್ಣವೇ ಕಂಬಳಿಯ ಬಣ್ಣ: ಕಪ್ಪು, ಕಂದು, ಬೂದು, ತುದಿಗೆ ಬಿಳಿ ಪಟ್ಟೆ. ಬಣ್ಣ ಹಾಕುವುದಿಲ್ಲ, ಬ್ರಹ್ಮಗಿರಿಯ ಮಡಕೆಯ ಹಾಗೆ. ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ನೂಲು ತೆಗೆದು, ಹಾಸಿಗೆ ಹುಣಸೆ ಬೀಜದ ಸರಿ ಹಚ್ಚಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ. ಹತ್ತು ವರ್ಷ ಹೊದ್ದ ಮೇಲೆ ಅದು ಹೊದ್ದವನ ಮೈಗೆ ಒಗ್ಗುತ್ತದೆ, ತಾತನ ಕಂಬಳಿಯಲ್ಲಿ ಹೆಗಲು ತಾಗುತ್ತಿದ್ದ ಜಾಗ ನಯವಾಗಿದೆ, ಉಳಿದದ್ದು ಇನ್ನೂ ಒರಟು.

ಮಳೆ ಬಂದರೆ ತಾತ ಅದೇ ಕಂಬಳಿಯ ಒಂದು ಮೂಲೆ ಮಡಿಚಿ ಕೊಪ್ಪೆ ಮಾಡಿ ತಲೆಗೆ ಏರಿಸಿಕೊಳ್ಳುತ್ತಿದ್ದರು. ಹೊಲಿಗೆಯಿಲ್ಲ, ಗುಂಡಿಯಿಲ್ಲ. ಚಪ್ಪಟೆ ಬಟ್ಟೆ ಒಂದೇ ಮಡಿಕೆಗೆ ಚೂಪು ನೆತ್ತಿಯ ಗುಡಿಸಲಾಗುತ್ತಿತ್ತು, ಗುಡಿಸಲೊಳಗೆ ತಾತ. ಗೋದಾವರಿ ಹೊಲದ ಬದುವಿನ ಮೇಲೆ ಹಾಗೆ ಕೂತವರನ್ನು ದೂರದಿಂದ ನೋಡಿದರೆ ಯಾರೋ ಕರಿಕಲ್ಲಿನಲ್ಲಿ ಕೆತ್ತಿ ಇಟ್ಟ ಹಾಗಿರುತ್ತಿತ್ತು. ಗೋದಾವರಿ ಅನ್ನುವುದು ನಮ್ಮ ಎತ್ತಿನ ಹೆಸರು, ಅದು ಮೇಯುತ್ತಿದ್ದ ಹೊಲಕ್ಕೂ ಅದೇ ಹೆಸರಾಯಿತು. ಮದುವೆ, ದೇವರ ಕಾರ್ಯ ಬಂದರೆ ಕರಿಕಂಬಳಿ ಮಡಿಚಿ ಹಾಸಿ, ಅಕ್ಕಿಯಲ್ಲಿ ಗೆರೆ ಎಳೆದು ಗದ್ದಿಗೆ ಹಾಕುತ್ತಾರೆ. ಕಪ್ಪಿನ ಮೇಲೆ ಬಿಳಿ. ಗದ್ದಿಗೆಯ ಮುಂದೆ ಸುಳ್ಳು ಹೇಳಲು ಹಿರಿಯರು ಹೆದರುತ್ತಿದ್ದರು.

ಈಗ ಉಣ್ಣೆ ಕೊಡುವ ಕುರಿಗಳೇ ಕಮ್ಮಿ. ಮಾಂಸಕ್ಕೆ ಬೆಲೆ ಬಂದ ಮೇಲೆ ಉಣ್ಣೆಯಿಲ್ಲದ ತಳಿಗಳು ಹಿಂಡಿಗೆ ಸೇರಿದವು. ಮೇಯಲು ಜಾಗವೂ ಮೊದಲಿನಂತಿಲ್ಲ. ಅಮೃತಮಹಲ್ ಕಾವಲಿನ ದೊಡ್ಡ ಭಾಗ ಡಿಆರ್‌ಡಿಒ, ಇಸ್ರೊ, ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಆ ಬಗ್ಗೆ ನಮ್ಮ ಬಳಗದವರು ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ಬೇಡ. ಕಂಬಳಿಯ ಮೈವಳಿಕೆಯ ಹಿಂದೆ ಕುರಿ, ಕುರಿಯ ಹಿಂದೆ ಹುಲ್ಲು, ಹುಲ್ಲಿನ ಹಿಂದೆ ಕಾವಲು ಇದೆ ಅನ್ನುವುದಷ್ಟೇ ಇಲ್ಲಿಗೆ ಸಂಬಂಧಪಟ್ಟ ಮಾತು.

ಟ್ರಂಕಿನಲ್ಲಿ ಇಟ್ಟರೆ ಮಾತ್ರ ಉಳಿಯುತ್ತದೆ ಅಂತ ನಾವೂ ಅಂದುಕೊಂಡಿದ್ದೆವು. ಆ ಅಂದಾಜನ್ನು ಅಲ್ಲಾಡಿಸಿದ್ದು ಚಳ್ಳಕೆರೆ ತಾಲ್ಲೂಕಿನ ಕ್ಯಾತೇದೇವರ ಜಾತ್ರೆ. ಪುರ್ಲಹಳ್ಳಿ ಹತ್ತಿರ ಕಾಡುಗೊಲ್ಲರು ಬಾರೆ ಕಳ್ಳೆಯ ಮುಳ್ಳು ಕಡಿದು ತಂದು ದೇವರಿಗೆ ಗುಡಿ ಕಟ್ಟುತ್ತಾರೆ. ಮನುಷ್ಯರಿಗಿಂತ ಎಷ್ಟೋ ಎತ್ತರದ, ಪೂರ್ತಿ ಮುಳ್ಳಿನ ಗುಡಿ. ನೆತ್ತಿಗೆ ಕಳಶ. ಜಾತ್ರೆಯ ದಿನ ಬರಿಗಾಲಲ್ಲಿ ಮುಳ್ಳಿನ ಮೇಲೆ ಹತ್ತಿ ಕಳಶ ಇಳಿಸುತ್ತಾರೆ. ಕ್ಯಾಮೆರಾಗಳೆಲ್ಲ ಆ ಹತ್ತುವ ಕಾಲುಗಳಿಗೆ ಕಾದಿರುತ್ತವೆ, ನಮ್ಮದೂ ಸೇರಿ. ಅದಕ್ಕೂ ಮೊದಲೇ ಹೋಗಿ ಕಟ್ಟುವುದನ್ನು ನೋಡಬೇಕು. ಯಾವ ಕೊಂಬೆ ಕೆಳಗೆ, ಯಾವುದು ಮೇಲೆ, ಮುಳ್ಳು ಒಂದಕ್ಕೊಂದು ಸಿಕ್ಕಿ ಹಗ್ಗದ ಕೆಲಸ ಎಷ್ಟು ಕಮ್ಮಿ ಮಾಡುತ್ತದೆ, ದುಂಡಗೆ ಏರಿ ನೆತ್ತಿಗೆ ಹೇಗೆ ಕೂಡಬೇಕು ಅನ್ನುವುದಕ್ಕೆ ನಕ್ಷೆ ಇಲ್ಲ. ವಯಸ್ಸಾದವರು ದೂರ ನಿಂತು ‘ಈ ಮಗ್ಗುಲು ತುಸ ಹೊಟ್ಟೆ ಬಂದೈತೆ, ಎಳೀರ್ಲಾ’ ಅನ್ನುತ್ತಾರೆ. ಸಮತೋಲನ ಅಂದರೆ ಅದು. ಜಾತ್ರೆ ಮುಗಿದ ಮೇಲೆ ಮುಳ್ಳು ಒಣಗಿ ಹೋಗುತ್ತದೆ. ಉಳಿಯುವುದು ಹೊಟ್ಟೆ ಬಂದಿದ್ದನ್ನು ಗುರುತಿಸುವ ಕಣ್ಣು, ಪಕ್ಕದಲ್ಲಿ ನಿಂತು ಎಳೆಯುವ ಹುಡುಗ.

ಸೀರೆಯ ಮೂಲೆಯನ್ನು ಮೊಳಕಾಲ್ಮೂರಿಗೆ ತೆಗೆದುಕೊಂಡು ಹೋಗುವ ಯೋಚನೆ ಬಂದದ್ದು ಆ ಜಾತ್ರೆಯಿಂದ ವಾಪಸ್ ಬರುವಾಗ. ಅವ್ವ ಒಂದೇ ಮಾತಿಗೆ ಒಪ್ಪಲಿಲ್ಲ. ಕಳೆದು ಹೋದರೆ ಅಂದಳು. ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ, ಊಟದ ಡಬ್ಬಿಯೊಳಗಿಟ್ಟು ಕೊಟ್ಟಳು.

ಬೆರಳಿಗೆ ಪಾಠ ಹೇಳಿದ್ದ ನೇಕಾರರೇ ನೋಡಿದರು. ಮೊದಲು ಮೂಸಿದರು. ಯಾಕೆ ಅಂತ ಕೇಳಲು ಆಗಲಿಲ್ಲ. ಕನ್ನಡಕ ಹಣೆಗೇರಿಸಿ, ಸೂಜಿಯ ತುದಿಯಲ್ಲಿ ಗೋಪುರದ ಒಂದು ಹಲ್ಲಿನ ಎಳೆಗಳನ್ನು ಎಣಿಸಿದರು. ಮತ್ತೊಂದು ಎಣಿಸಿದರು. ಲೆಕ್ಕ ತಾಳೆಯಾಗಲಿಲ್ಲವೆಂ­ದು ಕಾಣುತ್ತದೆ, ಮೂರನೆಯದು ಎಣಿಸಿದರು. ‘ಇಲ್ಲಿ ಎರಡು ಎಳೆ ಕಮ್ಮಿ ಮಾಡ್ಯಾನೆ’ ಅಂದರು. ಕೈ ತಪ್ಪಿರಬೇಕು ಅಂದೆವು. ‘ತಪ್ಪಲ್ಲ. ನೋಡ್ರಿ, ಆ ಕಡೆ ಹಂಸದ ಬಾಲ ಬರ್ತತೆ. ಹಲ್ಲು ಅಷ್ಟೇ ಉದ್ದ ಬಿಟ್ಟಿದ್ರೆ ತಾಗಾದು. ಜಾಗ ಬಿಟ್ಟಾನೆ.’

ಹಂಸಕ್ಕೂ ಗೋಪುರಕ್ಕೂ ನಡುವೆ ಎರಡೆಳೆಯಷ್ಟು ಹಳದಿ ಕಾಣುತ್ತಿತ್ತು. ಇಷ್ಟು ವರ್ಷ ಮನೆಯಲ್ಲಿದ್ದ ಸೀರೆ, ನಾವು ನೋಡಿರಲಿಲ್ಲ.

ಇದೇ ಅಂಚನ್ನು ಮತ್ತೆ ನೇಯಬಹುದಾ ಅಂತ ಕೇಳಿದೆವು. ಕಾರ್ಡು ಹೊಸದಾಗಿ ಹೊಡೆಸಬೇಕು, ಅದಕ್ಕೆ ಚೌಕಳಿ ಹಾಳೆಯ ಮೇಲೆ ಬರೆಯುವವರು ಬೇಕು, ಒಂದೇ ಸೀರೆಗೆ ಆ ಖರ್ಚು ಹುಟ್ಟುವುದಿಲ್ಲ, ನಾಲ್ಕಾರು ಸೀರೆಗೆ ಗಿರಾಕಿ ಇದ್ದರೆ ನೋಡಬಹುದು ಅಂದರು. ‘ನೇಯಾಕೆ ಏನು, ನೇಯ್ತೀನಿ. ಉಡೋರು ಯಾರು ಹೇಳ್ರಿ’ ಅಂದರು. ನಾವು ಏನೂ ಹೇಳಲಿಲ್ಲ. ಅವರು ತುಂಡನ್ನು ವಾಪಸ್ ಕೊಡಲೂ ಇಲ್ಲ. ಮಗ್ಗದ ಪಕ್ಕದ ಗೂಡಿನಲ್ಲಿ, ದೀಪದ ಎಣ್ಣೆ ತಾಗದ ಕಡೆ ಇಟ್ಟು, ವಾರ ಬಿಟ್ಟು ಬನ್ನಿ, ಎಣಿಸಿ ಬರೆದುಕೊಳ್ಳುತ್ತೇನೆ ಅಂದರು.

ವಾರ ಕಳೆದು ತಿಂಗಳಾಯಿತು. ಫೋನು ಮಾಡಿದರೆ ಒಂದು ಹಂಸ ಮುಗಿದಿದೆ ಅನ್ನುತ್ತಾರೆ. ಅವ್ವ ದಿನಾ ಡಬ್ಬಿ ಕೇಳುತ್ತಾಳೆ.